ಮಾರ್ಜಾಲ ದತ್ತಕ

ಈ ದಿನ ಬೆಳಿಗ್ಗೆ ಹಾಲಿನವನು ಅಳತೆಯ ಪಾವನ್ನು ಕ್ಯಾನಿನ ಕಂಠಕ್ಕೆ ತಗುಲಿಸಿ, ನಮ್ಮ ವಾಡೆಯ ಮರದ ಮೆಟ್ಟಿಲ ಕೆಳಗಣ ಗೂಡಿನತ್ತ ಕಣ್ಣು ಹಾಯಿಸಿ, ಅಲ್ಲಿ ಹರಕು ಗೋಣಿಯ ಮೇಲೆ ತಾಯ ಹೊಟ್ಟೆಯನ್ನು ಮುಂಗಾಲುಗಳಿಂದ ಒತ್ತುತ್ತ ಹಾಲು ಕುಡಿಯುತ್ತಿದ್ದ ಮರಿಗಳನ್ನು ಕಂಡು, ಅವುಗಳಲ್ಲೊಂದನ್ನು ಇಟ್ಟುಕೊಳ್ಳುವ ವಿಚಾರ ನಮಗುಂಟೆಂದು ನನ್ನ ಹೆಂಡತಿ ಹೇಳಿದ್ದೇ ತಡ, “ಕಾಕಾ, ಯಾ ವಯಾತ್ ಆತಾ ಕಶಾಲಾ?” ಎಂದುಬಿಟ್ಟನು. ಈ ವಯಸ್ಸಿನಲ್ಲಿ ಇನ್ನೇಕೆ, ಎಂದು. ಆತ ಸಜ್ಜನ; ಮಳೆಗಾಲದಲ್ಲಿ ನಾಗಪುರದ ಮಹಾಲಿನ ಗಲ್ಲಿಗಳೆಲ್ಲ ಕೆಸರಾದಾಗಲೂ ಹೊತ್ತು ತಪ್ಪಿಸದೆ ಬರುವವನು. ಆದರೂ ಆ ಮಾತು ಕಾಫಿಯ ಹೊತ್ತಿನವರೆಗೂ, ಆಮೇಲೆ ಸ್ನಾನದ ಹೊತ್ತಿನಲ್ಲಿಯೂ, ನನ್ನನ್ನು ಬಿಡಲಿಲ್ಲ.

ಹೀಗೆ ಕೇಳುವವನು ಅವನೊಬ್ಬನೇ ಆಗಿದ್ದರೆ ಸುಮ್ಮನಿರಬಹುದಾಗಿತ್ತು. ಹೊಸ ಕನ್ನಡಕ ಮಾಡಿಸಿದರೂ, ಅಂಗಳದ ಕುಂಡದಲ್ಲಿ ಸಂಪಿಗೆಯ ಸಸಿ ನೆಟ್ಟರೂ, ಎಪ್ಪತ್ತು ದಾಟಿದವನಿಗೆ ಲೋಕವು ಇದೇ ಪ್ರಶ್ನೆಯನ್ನು ಬೇರೆ ಬೇರೆ ದನಿಗಳಲ್ಲಿ ಹಾಕುತ್ತಿರುತ್ತದೆ. ಇನ್ನು ಬದುಕಲಿರುವ ವರ್ಷಗಳು ಇಷ್ಟೆಂದು ಯಾವುದೋ ಕಛೇರಿಯಿಂದ ಮಂಜೂರಾಗಿ ಬಂದಿರುವಂತೆಯೂ, ಅದನ್ನು ಮೀರಿದ ಯಾವ ವ್ಯವಹಾರಕ್ಕೂ ಕೈಹಾಕುವುದು ಅಕ್ರಮವೆಂಬಂತೆಯೂ ಜನ ಮಾತನಾಡುತ್ತಾರೆ. ಮರಿ ಕಾಲಿಗೆ ತೊಡರೀತು, ಮೆಟ್ಟಿಲಲ್ಲಿ ಎಡವಿದರೆ ಸೊಂಟದ ಮೂಳೆ ಮುರಿದೀತು, ರಕ್ತ ಹೆಪ್ಪುಗಟ್ಟದಿರಲೆಂದು ಮಾತ್ರೆ ನುಂಗುವವನ ಕೈಗೆ ಉಗುರು ತಗುಲಿದರೆ ರಕ್ತ ನಿಲ್ಲದೆ ಹೋದೀತು, ಬೆಂಗಳೂರಿಗೆ ಮಗಳ ಮನೆಗೆ ಹೋದಾಗ ನೋಡುವವರಾರು ಎಂಬ ಮಾತುಗಳೆಲ್ಲ ನ್ಯಾಯವಾದವೇ. ಮೆಟ್ಟಿಲಿಗೆ ದೀಪ ಹಾಕಿಸಿದರಾಯಿತು, ಉಗುರಿನ ತುದಿ ಕತ್ತರಿಸಿದರಾಯಿತು. ಅವುಗಳ ಮೇಲೆ ಕಾಲ ಕಳೆಯಲಾರೆ.

ಕಾಲ ಕಳೆಯಬೇಕಾದದ್ದು ಮಗಳು ಹೇಳಿದ ಮಾತಿನ ಮೇಲೆ. “ಅಪ್ಪಾ, ಮನೆಯೊಳಗೆ ಸಾಕಿದ ಬೆಕ್ಕು 12–15 ವರ್ಷ ಬದುಕುತ್ತೆ, ಕೆಲವು 20 ಮುಟ್ಟುತ್ತವೆ. ನೀವೇ ಲೆಕ್ಕ ಹಾಕಿ,” ಎಂದಳು ಫೋನಿನಲ್ಲಿ. ಲೆಕ್ಕ ಸರಿಯೇ. ಅಮೆರಿಕದ ಟೆಕ್ಸಾಸಿನಲ್ಲಿ 1967ರಲ್ಲಿ ಹುಟ್ಟಿದ ಒಂದು ಬೆಕ್ಕು 2005ರವರೆಗೆ, ಮೂವತ್ತೆಂಟು ವರ್ಷ, ಬಾಳಿತೆಂಬ ದಾಖಲೆಯೂ ಇದೆ. ಮಗಳ ಕಾಲೇಜಿನ ದಿನಗಳಲ್ಲಿ ನಮ್ಮಲ್ಲಿಗೆ ಬಂದ ಬೆಕ್ಕು ಸುಬ್ಬಿ, ಹೋದ ಆಷಾಢದಲ್ಲಿ, ಕೂಲರಿನ ಕೆಳಗಿನ ತಂಪು ಕಲ್ಲಿನ ಮೇಲೆ ತೀರಿಕೊಂಡಿತು. ನಾಗಪುರದ ಬೇಸಗೆ 45 ಡಿಗ್ರಿಯ ಮೇಲೆ ಹೋದಾಗ, ಲಾವಂಚದ ಚಾಪೆಯಿಂದ ನೀರು ತೊಟ್ಟಿಕ್ಕುವ ಆ ಜಾಗವನ್ನು ಮನೆಮಂದಿಯಲ್ಲಿ ಯಾರಿಗೂ ಬಿಟ್ಟುಕೊಡದಿದ್ದ ಪ್ರಾಣಿ ಅದು. ಹೊಸ ಮರಿಯ ಮಾತೆತ್ತಿದಾಗ ಮಗಳ ದನಿ ತಡವರಿಸಿದ್ದು ಲೆಕ್ಕದ ಕಾರಣಕ್ಕಷ್ಟೆ ಅಲ್ಲವೆಂದು ನಾನು ಬಲ್ಲೆ. ತಂದೆಯ ಆಯುಸ್ಸನ್ನು ಬೆಕ್ಕಿನ ಆಯುಸ್ಸಿನ ಪಕ್ಕದಲ್ಲಿಟ್ಟು ನೋಡುವುದು ಯಾವ ಮಗಳಿಗೂ ಹಿತವಾದ ಕೆಲಸವಲ್ಲ.

ಆದರೆ ನಾನಿರುವುದು ಭೋಸಲೆ ಅರಸರ ಅರಮನೆಯಿದ್ದ ಮಹಾಲಿನಲ್ಲಿ. ದತ್ತಕದ ವಿಷಯದಲ್ಲಿ ವಯಸ್ಸಿನ ಲೆಕ್ಕ ಎಷ್ಟು ಪೊಳ್ಳೆಂಬುದನ್ನು ತಿಳಿಯಲು ಇದಕ್ಕಿಂತ ತಕ್ಕ ಬಡಾವಣೆ ಭಾರತದಲ್ಲಿ ಇರಲಾರದು. ನಾಗಪುರದ ರಾಜ ಅಪ್ಪಾಸಾಹೇಬನನ್ನು ಇಂಗ್ಲಿಷರು ಪದಚ್ಯುತಗೊಳಿಸಿದ ಮೇಲೆ, 1818ರಲ್ಲಿ, ಎರಡನೆಯ ರಘೂಜಿ ಭೋಸಲೆಯ ಮಗಳ ಮಗನನ್ನು, ಇನ್ನೂ ಬಾಲಕನಾಗಿದ್ದವನನ್ನು, ದತ್ತಕದ ಮೂಲಕ ಗಾದಿಯ ಮೇಲೆ ಕೂರಿಸಲಾಯಿತು. ಅವನೇ ಮೂರನೆಯ ರಘೂಜಿ. ಅವನ ರಕ್ಷಣೆಯ ಭಾರವನ್ನು ಹೊತ್ತವಳು ಹಿರಿಯ ರಘೂಜಿಯ ವಿಧವೆಯಾದ ಬಂಕಾಬಾಯಿ. ಸಾಮಾನ್ಯ ಲೆಕ್ಕದ ಪ್ರಕಾರ ಅಜ್ಜಿ ಮೊದಲು ಹೋಗಬೇಕು, ಹುಡುಗ ಬಾಳಬೇಕು. ನಡೆದದ್ದು ಬೇರೆ: 1853ರ ಡಿಸೆಂಬರಿನಲ್ಲಿ ಮೂರನೆಯ ರಘೂಜಿ ಐವತ್ತು ತುಂಬುವ ಮೊದಲೇ, ಗಂಡುಸಂತತಿಯಿಲ್ಲದೆ, ದತ್ತಕವನ್ನೂ ಮಾಡಿಕೊಳ್ಳದೆ ತೀರಿಕೊಂಡನು; ಎಪ್ಪತ್ತು ದಾಟಿದ್ದ ಬಂಕಾಬಾಯಿ ಬದುಕಿಯೇ ಇದ್ದಳು. ಇನ್ನೂ ಕಾಲವಿದೆಯೆಂದು ರಾಜನು ಮುಂದೂಡುತ್ತ ಬಂದ ಆ ಒಂದು ಶುಭಕಾರ್ಯ ನಡೆಯದಿರಲೆಂದು ಗವರ್ನರ್ ಜನರಲ್ ಡಾಲ್‌ಹೌಸಿ ಕಾದು ಕುಳಿತಿದ್ದನೆಂದೇ ಹೇಳಬೇಕು. ರಾಣಿಯರು ಅನಂತರ ದತ್ತಕ ಮಾಡಿಕೊಂಡ ತರುಣನನ್ನು ರಾಜ್ಯದ ಮಟ್ಟಿಗೆ ಕಂಪನಿ ಮಾನ್ಯಮಾಡಲಿಲ್ಲ. 1854ರಲ್ಲಿ ಗಾದಿ ಹೋಯಿತು; ಅರಮನೆಯ ಆನೆ, ಕುದುರೆ, ಎತ್ತುಗಳನ್ನು ಸೀತಾಬರ್ಡಿಯಲ್ಲಿ ಹರಾಜು ಕೂಗಿದರು; ಒಡವೆಗಳು ಕಲಕತ್ತೆಗೆ ನಡೆದವು; ಅರಮನೆಯೂ 1864ರಲ್ಲಿ ಬೆಂಕಿಗೆ ತುತ್ತಾಯಿತು. ಒಡೆಯನೊಬ್ಬ ಏರ್ಪಾಡು ಮಾಡದೆ ಹೋದರೆ ಅವನ ಪಶುಗಳ ಗತಿ ಏನಾಗುತ್ತದೆಂಬುದನ್ನು ಮಹಾಲು ನೋಡಿದೆ. ಚರಿತ್ರೆಯ ಪುಸ್ತಕಗಳು ಒಡವೆಯ ವಿಚಾರದಲ್ಲಿ ಪುಟಗಟ್ಟಲೆ ಮರುಗುತ್ತವೆ. ನನಗೆ ಮಾತ್ರ ಮಾವುತನ ದನಿಯೊಂದನ್ನೇ ತಿಳಿದು ಬೆಳೆದ ಆ ಆನೆಗಳು ಸಂತೆಯ ಗದ್ದಲದಲ್ಲಿ ನಿಂತ ದೃಶ್ಯವೇ ಹೆಚ್ಚು ದುಸ್ಸಹವಾಗಿದೆ.

ಈಗ ನಮ್ಮ ಮೈಸೂರಿನ ಕಡೆ ನೋಡೋಣ. ನಾನು ಹುಟ್ಟಿ ಬೆಳೆದ ಸೀಮೆಯಾದುದರಿಂದ ಮಾತು ಸ್ವಲ್ಪ ದೀರ್ಘವಾದರೂ ವಾಚಕರು ಸಹಿಸಿಯಾರು. ಮುಮ್ಮಡಿ ಕೃಷ್ಣರಾಜ ಒಡೆಯರು 1794ರಲ್ಲಿ ಹುಟ್ಟಿದವರು. 1831ರಿಂದ ಆಡಳಿತ ಅವರ ಕೈಯಲ್ಲಿರಲಿಲ್ಲ. ರಾಜ್ಯವನ್ನು ತಮಗೆ ಮರಳಿಸಬೇಕೆಂದು ಅವರು ಬರೆದ ಅರ್ಜಿಗಳನ್ನೆಲ್ಲ ಕಲಕತ್ತೆ ತಿರಸ್ಕರಿಸುತ್ತಲೇ ಬಂದಿತ್ತು. ಹೀಗಿರಲು 1865ರ ಜೂನಿನಲ್ಲಿ, ತಮಗೆ ಎಪ್ಪತ್ತೊಂದನೆಯ ವರ್ಷ ನಡೆಯುತ್ತಿದ್ದಾಗ, ಆ ವೃದ್ಧರು ಬೆಟ್ಟದಕೋಟೆಯ ಅರಸು ಮನೆತನದ ಎರಡು ವರ್ಷದ ಕೂಸೊಂದನ್ನು ತಮ್ಮ ತೊಡೆಯ ಮೇಲೆ ಕೂರಿಸಿಕೊಂಡು ದತ್ತಕ ಮಾಡಿಕೊಂಡರು. ಮಗುವಿಗೆ ಮೀಸೆ ಮೂಡುವುದನ್ನು ತಾವು ಕಾಣಲಾರೆವೆಂಬುದು ಅವರಿಗೆ ತಿಳಿಯದ ಸಂಗತಿಯೆ? ‘ಈ ವಯಸ್ಸಿನಲ್ಲಿ ಇನ್ನೇಕೆ’ ಎಂದು ಅರಮನೆಯ ಹಜಾರದಲ್ಲಿ ಪಿಸುಗುಟ್ಟಿದವರೂ ಇದ್ದಿರಬೇಕು. 1867ರಲ್ಲಿ ಲಂಡನ್ನಿನ ಸರಕಾರ ದತ್ತಕವನ್ನು ಒಪ್ಪಿತು. 1868ರ ಮಾರ್ಚಿಯಲ್ಲಿ ಒಡೆಯರು ಕಣ್ಮುಚ್ಚಿದರು. ಮೂರು ವರ್ಷವೂ ತುಂಬದ ತಂದೆತನ. ಆದರೆ ಆ ಕೂಸೇ ಹತ್ತನೆಯ ಚಾಮರಾಜೇಂದ್ರ ಒಡೆಯರಾಗಿ 1881ರಲ್ಲಿ ರಾಜ್ಯವನ್ನು ಮರಳಿ ಪಡೆದು, ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯನ್ನು ಕರೆದುದು ಕನ್ನಡಿಗರೆಲ್ಲ ಬಲ್ಲ ಚರಿತ್ರೆ. ಐವತ್ತರ ಒಳಗಿನ ನಾಗಪುರದ ರಾಜನಿಗೆ ಬಹಳ ಕಾಲವಿತ್ತು, ಆತ ಕಳೆದುಕೊಂಡನು. ಎಪ್ಪತ್ತು ಮೀರಿದ ಮೈಸೂರಿನ ರಾಜರಿಗೆ ಕಾಲವೇ ಇರಲಿಲ್ಲ, ಅವರು ಉಳಿಸಿಕೊಂಡರು. ಬೆಕ್ಕಿನ ಮರಿಗೂ ಸಂಸ್ಥಾನಕ್ಕೂ ಎಲ್ಲಿಯ ಸಂಬಂಧವೆಂದು ಕೇಳಬಾರದು. ಒಂದು ಜೀವವನ್ನು ತನ್ನದೆಂದು ಮಡಿಲಿಗೆ ತೆಗೆದುಕೊಳ್ಳುವ ಕಾರ್ಯದಲ್ಲಿ ಹಿರಿದು ಕಿರಿದೆಂಬ ಭೇದವನ್ನು ನಾನು ಮಾಡಲಾರೆ.

ಇದನ್ನೆಲ್ಲ ಹೆಂಡತಿಗೆ ವಿವರಿಸುತ್ತಿರುವಾಗಲೇ ತಾಯಿಬೆಕ್ಕು, ಹಾಲಿನವನ ಸದ್ದಿಗೆ ಬೆದರಿತೋ ಏನೋ, ಬಿಡಾರ ಬದಲಿಸಲು ತೊಡಗಿತು. ಒಂದು ಮರಿಯ ಹಿಂಗತ್ತಿನ ಸಡಿಲ ಚರ್ಮವನ್ನು ಬಾಯಲ್ಲಿ ಹಿಡಿದು, ತಲೆಯನ್ನು ಎತ್ತರಕ್ಕೆ ನಿಗುರಿಸಿ, ಅಂಗಳವನ್ನು ದಾಟಿ ಸೌದೆಯ ಕೊಟ್ಟಿಗೆಗೆ ನಡೆಯಿತು. ಮರಿಯಾದರೋ ಹಿಂಗಾಲುಗಳನ್ನು ಮಡಿಸಿ, ಬಾಲವನ್ನು ಹೊಟ್ಟೆಯ ಕೆಳಕ್ಕೆ ಸುರುಳಿಮಾಡಿ, ಅರೆಗಣ್ಣಿನಲ್ಲಿ, ಒಂದಿಷ್ಟೂ ಮಿಸುಕದೆ ತೂಗುತ್ತಿತ್ತು. ಮೇಲುಕೋಟೆಯ ಕಡೆಯವಳಾದ ನನ್ನ ಅಜ್ಜಿ ಹೇಳುತ್ತಿದ್ದ ಮಾರ್ಜಾಲಕಿಶೋರ ನ್ಯಾಯವೇ ಕಣ್ಣೆದುರು ನಡೆದು ಹೋದಂತಾಯಿತು. ಕೋತಿಯ ಮರಿ ತಾಯನ್ನು ತಾನೇ ಅಪ್ಪಿ ಹಿಡಿಯಬೇಕು, ಬೆಕ್ಕಿನ ಮರಿಯನ್ನು ತಾಯೇ ಹೊತ್ತೊಯ್ಯುತ್ತಾಳೆ. ಜೀವನು ಭಗವಂತನನ್ನು ಸೇರುವ ಬಗೆ ಇವುಗಳಲ್ಲಿ ಯಾವುದೆಂದು ಶ್ರೀವೈಷ್ಣವರಲ್ಲಿ ವಡಗಲೆ ತೆಂಗಲೆ ಪಂಗಡದವರು ಶತಮಾನಗಳ ಕಾಲ ವಾದಿಸಿದರಷ್ಟೆ. ಹಿಂಗತ್ತನ್ನು ಹಿಡಿದೊಡನೆ ಮರಿಯ ಮೈ ತಾನಾಗಿ ಸಡಿಲಗೊಂಡು ನಿಶ್ಚಲವಾಗುವುದು ಹುಟ್ಟಿನಿಂದಲೇ ಬಂದ ಪ್ರತಿಕ್ರಿಯೆಯೆಂದು ಪ್ರಾಣಿಶಾಸ್ತ್ರಜ್ಞರೂ ಹೇಳುತ್ತಾರೆ. ಈ ಉಪಮಾನವನ್ನು ಹುಡುಕಿದ ಆಚಾರ್ಯರು ಬೆಕ್ಕನ್ನು ಬಹಳ ಸಮೀಪದಿಂದ, ಬಹಳ ಪ್ರೀತಿಯಿಂದ ನೋಡಿದವರಾಗಿರಬೇಕು. ಆದರೆ ವೇದಾಂತಿಗಳು ಮರಿಯ ಪಕ್ಷದಿಂದಲೇ ವಿಚಾರಮಾಡಿದರು. ನಾನು ಇಂದು ತಾಯಿಯ ಪಕ್ಷದಿಂದ ನೋಡಿದೆ. ಆಕೆ ಮರಿಯನ್ನು ಜೀವಮಾನವೆಲ್ಲ ಹೊರುವುದಿಲ್ಲ. ಒಂದು ಗೂಡಿನಿಂದ, ಅದಕ್ಕಿಂತ ಕ್ಷೇಮವಾದ ಇನ್ನೊಂದು ಗೂಡಿಗೆ ಒಯ್ದು ಇಳಿಸುತ್ತಾಳೆ. ಎಂಟು ಹತ್ತು ವಾರಗಳಾದರೆ ಮೊಲೆ ಬಿಡಿಸಿ ದೂರಮಾಡುತ್ತಾಳೆ. ಹೊರುವವರಿಂದ ಅಪೇಕ್ಷಿಸಬೇಕಾದದ್ದು ಅಷ್ಟು: ಬಿಗಿಯಾಗಿ ಹಿಡಿಯುವುದು, ನೋಯದಂತೆ ಹಿಡಿಯುವುದು, ಮುಂದೆ ಇಳಿಸುವ ಜಾಗವನ್ನು ಮೊದಲೇ ನೋಡಿಕೊಂಡಿರುವುದು.

ಆ ಜಾಗವನ್ನು ನಾವು ನೋಡಿಕೊಂಡೆವು. ಕೆಳಗಿನ ಮನೆಯ ಹುಡುಗಿ, ಎಂಟನೆಯ ತರಗತಿಯವಳು, ಮರಿಗಳು ಕಣ್ಣು ಬಿಟ್ಟಂದಿನಿಂದ ಗೂಡಿನ ಬಳಿಯೇ ಕುಳಿತಿರುತ್ತಾಳೆ. “ಆಜೀ, ನೀವು ಊರಿಗೆ ಹೋದಾಗ ನಾನು ನೋಡಿಕೊಳ್ಳುತ್ತೇನೆ, ಆಮೇಲೆಯೂ ನಾನೇ ನೋಡಿಕೊಳ್ಳುತ್ತೇನೆ,” ಎಂದು ಅವಳಾಗಿಯೇ ಹೇಳಿದಳು. ‘ಆಮೇಲೆ’ ಎಂದರೆ ಯಾವಾಗ ಎಂದು ನಾವಾರೂ ಬಿಡಿಸಿ ಕೇಳಲಿಲ್ಲ. ಅವಳ ತಾಯಿ ಮಾತ್ರ ತಲೆತಗ್ಗಿಸಿ, ಆಗಲಿ ಎಂದಳು. ಖರ್ಚಿಗಾಗಿ ಒಂದು ಪುಸ್ತಕದಲ್ಲಿ ಸ್ವಲ್ಪ ಹಣವನ್ನು ಬೇರೆ ಇಡುವುದೆಂದೂ, ಸೆಮಿನರಿ ಹಿಲ್ಸ್‌ನ ಪಶುವೈದ್ಯ ಕಾಲೇಜಿಗೆ ಒಯ್ದು ಲಸಿಕೆ ಹಾಕಿಸುವುದೆಂದೂ, ಸಕಾಲದಲ್ಲಿ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸುವುದೆಂದೂ ನಿರ್ಧಾರವಾಯಿತು.

ಉಳಿದದ್ದು ಅಡಿಗೆಮನೆಯ ಪ್ರಶ್ನೆ. ನಮ್ಮಂಥ ಸಸ್ಯಾಹಾರಿಗಳ ಮನೆಗಳಲ್ಲಿ ಬೆಕ್ಕೆಂದರೆ ಮೊಸರನ್ನ, ಹಾಲು, ತುಪ್ಪದ ಪಾತ್ರೆಯ ಗಸಿ. ಇದರಲ್ಲಿ ಬೆಕ್ಕು ಬದುಕುವಂತೆ ಕಾಣುವುದು ಅದು ಕದ್ದು ಹಿಡಿಯುವ ಇಲಿ ಹಲ್ಲಿಗಳ ಬಲದಿಂದ. ಟಾರಿನ್ ಎಂಬ ಪದಾರ್ಥವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಲಾರದು. ಅದು ಮಾಂಸ ಮೀನುಗಳಲ್ಲಿದೆ, ಅನ್ನ ಬೇಳೆಗಳಲ್ಲಿಲ್ಲ. ಅದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಪಟಲ ನಶಿಸುವುದನ್ನು 1975ರಲ್ಲಿಯೂ, ಹೃದಯ ಹಿಗ್ಗಿ ಸೋಲುವುದನ್ನು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು. ಆದ್ದರಿಂದ ಬೆಕ್ಕನ್ನು ಮನೆಯೊಳಗೇ ಸಾಕುತ್ತೇವೆಂದು ಸಂಕಲ್ಪಿಸಿ ಮೊಸರನ್ನವನ್ನಷ್ಟೇ ಇಡುವುದು ಕ್ರೌರ್ಯ; ಶುಚಿತ್ವದ ಹೆಸರಿನಲ್ಲಿ ನಡೆದರೂ ಕ್ರೌರ್ಯವೇ. ನನ್ನ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದು, ಹಿತ್ತಲ ಜಗುಲಿಯ ಮೇಲೆ ಒಂದು ಬೇರೆ ತಟ್ಟೆ, ಒಂದು ಬೇರೆ ಡಬ್ಬಿ ಇರಲಿ, ಅಂಗಡಿಯ ಒಣ ತಿನಿಸು ಅಲ್ಲಿಗೆ ಬರಲಿ, ಒಲೆಯ ಹತ್ತಿರಕ್ಕೆ ಬೇಡ, ಎಂದಳು. ಐವತ್ತು ವರ್ಷ ಕಾಯ್ದುಕೊಂಡು ಬಂದ ಮಡಿಯಲ್ಲಿ ಆಕೆ ಅಷ್ಟು ಸ್ಥಳ ಬಿಟ್ಟುಕೊಟ್ಟದ್ದನ್ನು ನಾನು ಸಣ್ಣ ಸಂಗತಿಯೆಂದು ಎಣಿಸಲಾರೆ. ಮುದುಕರಿರುವ ಮನೆಗಳಿಗೆ ಇನ್ನೊಂದು ಮಾತು ಸೇರಿಸುತ್ತೇನೆ: ನಮ್ಮ ಮಂಡಿನೋವಿನ ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ, ಮೇಜಿನ ಮೇಲೆ ಮಾತ್ರೆ ಹರವಿಡುವ ಅಭ್ಯಾಸವನ್ನು ಬಿಡಬೇಕು.

ಇನ್ನು ಯಾವ ಮರಿ ಎಂಬುದು. ಮೂರು ಹಳದಿ, ಒಂದು ಕಪ್ಪು. ಹಳದಿಯವಕ್ಕೆ ಗಲ್ಲಿಯಲ್ಲಿ ಆಗಲೇ ಕೇಳಿಕೆ ಬಂದಿದೆ. ಕಪ್ಪನ್ನು ಯಾರೂ ಕೇಳಲಿಲ್ಲ. ಹೆಂಡತಿಯೂ ನಾನೂ ಕಪ್ಪನ್ನೇ ಇಟ್ಟುಕೊಳ್ಳುವುದೆಂದು ಒಟ್ಟಿಗೇ ಹೇಳಿದೆವು. ಕಪ್ಪು, ಹಳದಿ ಎಂದೊಡನೆ ನಾಗಪುರದವರಿಗೆ ನೆನಪಾಗುವುದು ಪೋಳಾ ಹಬ್ಬದ ಮರುದಿನ ಬೊಂಬೆಗಳ ರೂಪದಲ್ಲಿ ಹೊರಡುವ ಮಾರಬತ್‌ಗಳು. ಕರಿಯ ಮಾರಬತ್ 1881ರಿಂದ, ಹಳದಿಯದು 1885ರಿಂದ, ಊರಿನ ರೋಗರುಜಿನಗಳನ್ನೆಲ್ಲ ಹೊತ್ತು ಈ ಹಳೆಯ ಪೇಟೆಗಳಲ್ಲಿ ಮೆರವಣಿಗೆ ಹೋಗಿ ಬೆಂಕಿಗೆ ಬೀಳುತ್ತವೆ. ಹಳದಿಯವಳಿಗೆ ಪೂಜೆಯುಂಟು, ಕರಿಯವಳು ಬಂಕಾಬಾಯಿಯೆಂದು ಜನ ಹೇಳುತ್ತಾರೆ, 1857ರಲ್ಲಿ ಇಂಗ್ಲಿಷರ ಪಕ್ಷ ವಹಿಸಿದಳೆಂಬ ಸಿಟ್ಟಿನಿಂದ. ಪಕ್ಷ ವಹಿಸಿದ್ದು ನಿಜ, ಜನರ ಸಿಟ್ಟೂ ನಿಜ. ಆದರೆ ಬಾಲಕನೊಬ್ಬನನ್ನು ತಂದು ಅರಸನನ್ನಾಗಿ ಮಾಡಿ, ಅವನ ಚಿತೆಯನ್ನು ಕಂಡು, ಅವನ ರಾಜ್ಯ ಹೋದುದನ್ನು ಕಂಡು, ಮನೆಯ ಆನೆಗಳು ಹರಾಜಾದುದನ್ನು ಕಂಡು, ಉಳಿದ ಕೆಲವು ಜನರನ್ನಾದರೂ ತೋಪಿನ ಬಾಯಿಂದ ಉಳಿಸಿಕೊಳ್ಳಲು ಆ ವಯಸ್ಸಿನ ಹೆಂಗಸು ಏನನ್ನು ಮಾಡಬಹುದಾಗಿತ್ತು? ಈ ಪ್ರಶ್ನೆಯನ್ನು ನಮ್ಮ ಪೇಟೆಯ ಇತಿಹಾಸಪ್ರಿಯರ ಮುಂದಿಟ್ಟಾಗಲೆಲ್ಲ ಅವರು ಬಂಕಾಬಾಯಿಯ ದ್ರೋಹವನ್ನು ಕುರಿತು ಮಾತನಾಡುತ್ತಾರೆಯೇ ಹೊರತು ಆಕೆಯ ಮುಪ್ಪನ್ನು ಕುರಿತು ಮಾತನಾಡುವುದಿಲ್ಲ. ಈ ಸಲ ಪೋಳಾ ಬರುವುದರೊಳಗೆ ಆ ಕಾಲದ ಕಾಗದಪತ್ರಗಳನ್ನು ಇನ್ನೊಮ್ಮೆ ಓದಿ, ಆಕೆಯ ಪರವಾಗಿ ಹೇಳಬಹುದಾದದ್ದನ್ನೆಲ್ಲ ಒಂದು ಲೇಖನವಾಗಿ ಬರೆಯಬೇಕೆಂದಿದ್ದೇನೆ, ಮರಾಠಿಯಲ್ಲಿಯೇ ಬರೆಯಬೇಕಾದೀತು.