ಕೆಂಪು ತಟ್ಟೆ, ನೀಲಿ ತಟ್ಟೆ

ತಾನು ಏನನ್ನು ಬೇಯಿಸಿದೆನೆಂಬುದನ್ನು ಪಾತ್ರೆ ಮರೆಯುವುದಿಲ್ಲ. ಯಹೂದಿಗಳ ಆಹಾರನಿಯಮವಾದ 'ಕೋಷರ್' ಪದ್ಧತಿಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. 2011ರಲ್ಲಿ ನ್ಯೂಜೆರ್ಸಿಯ ಮಗನ ಮನೆಯಲ್ಲಿದ್ದಾಗ, ನೆರೆಮನೆಯ ಯಹೂದಿ ವೃದ್ಧೆ ತಮ್ಮ ಅಡುಗೆಮನೆಯನ್ನು ತೋರಿಸಿದರು. ಅವರೂ ನಿವೃತ್ತ ಶಿಕ್ಷಕಿ. ವಿವರಣೆಯಲ್ಲಿ ಪಾಠದ ಅಚ್ಚುಕಟ್ಟಿತ್ತು.

ಕೆಂಪಂಚಿನ ತಟ್ಟೆಗಳು ಮಾಂಸಕ್ಕೆ, ನೀಲಿಯಂಚಿನವು ಹಾಲು, ಬೆಣ್ಣೆ, ಚೀಸಿಗೆ. ಚಮಚ, ಚಾಕು, ಸಿಂಕು, ಒರೆಸುವ ಬಟ್ಟೆ ಎಲ್ಲವೂ ಬೇರೆ ಬೇರೆ. ಮರಿಯನ್ನು ತಾಯಿಯ ಹಾಲಿನಲ್ಲಿ ಬೇಯಿಸುವುದಕ್ಕೆ ಇರುವ ನಿಷೇಧ ಅವರ ತೋರಾ ಗ್ರಂಥದಲ್ಲಿ ಮೂರು ಕಡೆ ಬರುತ್ತದೆ. ರಬ್ಬಿಗಳೆಂಬ ಧರ್ಮಪಂಡಿತರು ಅದನ್ನು ಪಾತ್ರೆಪಡಗಗಳಿಗೂ ವಿಸ್ತರಿಸಿದರು. ಮಾಂಸ ಉಂಡ ಮೇಲೆ ಹಾಲಿಗಾಗಿ ಹಲವರು ಆರು ಗಂಟೆ ಕಾಯುತ್ತಾರೆ. ಜರ್ಮನ್ ಮೂಲದವರಲ್ಲಿ ಮೂರು ಗಂಟೆ, ಡಚ್ ಮೂಲದವರಲ್ಲಿ ಒಂದು ಗಂಟೆಯ ವಾಡಿಕೆಯಿದೆ.

ಬಿಸಿಯಲ್ಲಿ ಪಾತ್ರೆ ರುಚಿಯನ್ನು ಹೀರಿಕೊಳ್ಳುತ್ತದೆ. ಹೀರಿದ ರೀತಿಯಲ್ಲಿಯೇ ಅದನ್ನು ಹೊರಹಾಕಬೇಕು. ಕುದಿಸಿದ ಲೋಹಪಾತ್ರೆಗೆ ಕುದಿನೀರು, ಕೆಂಡದ ಮೇಲಿಟ್ಟ ಕಂಬಿಗೆ ಬೆಂಕಿ. ಮಣ್ಣಿನ ಪಾತ್ರೆಗೆ ಮಾತ್ರ ಕುದಿನೀರಿನ ಶುದ್ಧಿಯಿಲ್ಲ. ಹುಳಿಹಿಟ್ಟು ವರ್ಜ್ಯವಾದ ಪಾಸೋವರ್ ಹಬ್ಬಕ್ಕೆ ಮತ್ತೆ ಪ್ರತ್ಯೇಕ ಪಾತ್ರೆಗಳು. ಆಕೆಯ ತಾಯಿಯವಾದ ಆ ತಟ್ಟೆಗಳು ವರ್ಷಕ್ಕೆ ಎಂಟೇ ದಿನ ಹೊರಬರುತ್ತಿದ್ದವು.

ಒಮ್ಮೆ ಅವರು ನಮ್ಮ ಮನೆಗೆ ಬಂದಾಗ ನನ್ನ ಶ್ರೀಮತಿ ಕೇಸರಿಭಾತ್ ಮಾಡಿದ್ದಳು. ಅವರು ಮುಟ್ಟಲಿಲ್ಲ. ನಮ್ಮದು ಸಸ್ಯಾಹಾರವಾದರೂ ನಮ್ಮ ಪಾತ್ರೆ ಅವರ ವಿಧಿಗೆ ಒಳಪಟ್ಟದ್ದಲ್ಲ. ಅನ್ಯರು ಬೇಯಿಸಿದ ಅಡುಗೆಗೂ ಕಟ್ಟುಪಾಡುಗಳಿವೆ. ಒಂದು ಬಾಳೆಹಣ್ಣನ್ನು ತಾವೇ ಸುಲಿದು ತಿಂದರು. ನನ್ನಾಕೆಯ ಮುಖ ಬಾಡಿತು.

ನನಗೆ ನೆನಪಾದದ್ದು ನಮ್ಮ ಅಜ್ಜಿ. ಅವರೂ ಪರರ ಮನೆಯಲ್ಲಿ ನೀರು ಕುಡಿದವರಲ್ಲ. ಆದರೆ ನಮ್ಮ ಜಗಲಿಯ ಗೂಡಿನಲ್ಲಿ ಕೆಲವರಿಗೆಂದೇ ಒಂದು ಲೋಟ ಬೇರೆಯಿರುತ್ತಿತ್ತು. ಕುಡಿದವರೇ ಅದನ್ನು ತೊಳೆದಿಡಬೇಕಿತ್ತು. ಹಾಗಾದರೆ ಈ ಎರಡೂ ಒಂದೆಯೇ ಎಂದು ನಾನು ಹಲವು ದಿನ ಯೋಚಿಸಿದೆ.

ಮುಂದಿನ ಶುಕ್ರವಾರ ಸಂಜೆ, ಸಬ್ಬತ್ತಿನ ಊಟಕ್ಕೆ, ಅವರು ನಮ್ಮಿಬ್ಬರನ್ನೂ ಕರೆದರು. ಅಂದು ಮಾಂಸದಡುಗೆ ಮಾಡುವುದೇ ಅವರ ಮನೆಯ ರೂಢಿ. ನಾವು ಸಸ್ಯಾಹಾರಿಗಳೆಂದು ಆ ರಾತ್ರಿ ಮನೆಮಂದಿಯೆಲ್ಲ ನೀಲಿ ತಟ್ಟೆಯಲ್ಲಿಯೇ ಉಂಡರು. ನಮಗೂ ಅದೇ ಜೊತೆಯ ತಟ್ಟೆ, ಅದೇ ಮೇಜು.

ಆಕೆಯ ನಿಯಮ ಆಕೆಯ ನಾಲಗೆಯನ್ನು ಕಟ್ಟಿತ್ತು. ನಮ್ಮ ಜಗಲಿಯ ಲೋಟ ಇನ್ನೊಬ್ಬರ ಮಾನವನ್ನು ಅಳೆಯುತ್ತಿತ್ತು. ಮಡಿಯೆಂಬ ಒಂದೇ ಹೆಸರಿನಲ್ಲಿ ಇವೆರಡನ್ನೂ ಸಮರ್ಥಿಸುವವರು ಈ ವ್ಯತ್ಯಾಸವನ್ನು ಗಮನಿಸಬೇಕೆಂದು ನನ್ನ ವಿನಂತಿ.