ಟೈಮ್ ಮಷೀನಿಗೆ ಎಷ್ಟು ತೂತು?

ಚಿತ್ರರಸಿಕ ಮಿತ್ರರೇ, ಸಿನಿಮಾ ಬಿಟ್ಟ ಮೇಲೆ ನೀವು ಏನು ಮಾಡ್ತೀರಿ? ಬಸ್ಸು ಹಿಡಿದು ಮನೆ ಸೇರ್ತೀರಿ. ನಾವು ಸೇರ್ತಿರಲಿಲ್ಲ! ಬಳ್ಳಾರಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಹಾ ಗಾಡಿ. ಸೆಕೆಂಡ್ ಷೋ ಮುಗಿಸಿ ಅಲ್ಲಿಗೆ ನುಗ್ಗಿ, ಮೂರು ಚಹಾನ ಐದು ಮಾಡಿಸಿ, ಈಗಷ್ಟೇ ನೋಡಿದ ಚಿತ್ರವನ್ನು ಬಿಚ್ಚಿ ಹರಡಿಕೊಂಡು ಕೂರ್ತಿದ್ವಿ. ಹೀರೋ ಮಳೆಯಲ್ಲಿ ಓಡಿಬಂದ, ಸರಿ. ಬಾಗಿಲು ದಾಟಿದ ಕೂಡಲೇ ಕ್ರಾಪು ಹೆಂಗೆ ಒಣಗಿತು? ವಿಲನ್ ರಿವಾಲ್ವರಿನಲ್ಲಿ ಆರು ಗುಂಡು, ಹಾರಿದ್ದು ಒಂಬತ್ತು, ಹೆಂಗೆ? ಇಂಥವಕ್ಕೆ ನಮ್ಮ ಗುಂಪು ಇಟ್ಟಿದ್ದ ಹೆಸರು ‘ತೂತು’. ಹೊಸ ತೂತು ಹಿಡಿದವನಿಗೆ ಒಗ್ಗರಣಿ-ಮಿರ್ಚಿ ಫ್ರೀ!

ತಪ್ಪು ಹಿಡಿಯೋದು ನಮ್ಮೂರಿನ ನೀರಿನ ಗುಣ ಅಂತ ಕಾಣುತ್ತೆ. ಬಳ್ಳಾರಿ ಗುಡ್ಡದ ಕೋಟೆಯ ಕಥೆ ಕೇಳಿರಬೇಕು. ಹೈದರಾಲಿ ಫ್ರೆಂಚ್ ಇಂಜಿನಿಯರ್ ಒಬ್ಬನಿಂದ ಕೋಟೆ ಕಟ್ಟಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿಗಿರೋ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಅಲ್ಲಿಂದ ಫಿರಂಗಿ ಹಾರಿಸಿದರೆ ಕೋಟೆಯ ಕಥೆ ಖಲಾಸ್. ಇಂಜಿನಿಯರನ್ನು ಅಲ್ಲೇ ನೇಣಿಗೆ ಹಾಕಿಸಿದ ಅಂತ ಊರಲ್ಲಿ ಈಗಲೂ ಹೇಳ್ತಾರೆ. ಹೈದರಾಲಿ ತೂತು ಕಂಡು ನೇಣು ಹಾಕಿದ, ನಾವು ತೂತು ಕಂಡು ಮತ್ತೆ ಟಿಕೆಟ್ ತಗೊಂಡ್ವಿ. ಅಷ್ಟೇ ವ್ಯತ್ಯಾಸ.

ಗಾಂಧಿ ಕ್ಲಾಸಿನ ವಿಜ್ಞಾನಿಗಳು

ನಮ್ಮ ಗುಂಪು ಕೂಡಿದ್ದು ಮಾತ್ರ ಥಿಯೇಟರಿನಲ್ಲಲ್ಲ, ಟೀವಿ ಮುಂದೆ. 1989ರಲ್ಲಿ ದೂರದರ್ಶನದಲ್ಲಿ ‘ಇಂದ್ರಧನುಷ್’ ಅಂತ ಹಿಂದಿ ಧಾರಾವಾಹಿ ಬಂತು. ಮಕ್ಕಳು, ಕಂಪ್ಯೂಟರು, ಕಾಲದಲ್ಲಿ ಹಿಂದಕ್ಕೆ ಹೋಗೋದು. ನಮ್ಮ ಗಿರೀಶ್ ಕಾರ್ನಾಡರೂ ಇದ್ದರು. ಓಣಿಗೆಲ್ಲ ಒಂದೇ ಟೀವಿ, ಕಿಟಕಿಯಲ್ಲಿ ಹತ್ತು ತಲೆ. ಕಂತು ಮುಗಿದರೆ ಕಟ್ಟೆ ಮೇಲೆ ಜಗಳ ಶುರು. ಆದರೆ ಒಂದು ತೊಂದರೆ. ನಮಗೆ ಬರ್ತಿದ್ದ ಹಿಂದಿ ಅರ್ಧಂಬರ್ಧ. ತೂತು ಇರೋದು ಕಥೆಯಲ್ಲೋ ನಮ್ಮ ಹಿಂದಿಯಲ್ಲೋ, ತೀರ್ಮಾನವೇ ಆಗ್ತಿರಲಿಲ್ಲ!

ಗುಂಪಿನಲ್ಲಿ ಐದು ಜನ. ಪಾಲಿಟೆಕ್ನಿಕ್ ಓದೋನು ಒಬ್ಬ, ಅವನೇ ವಿಜ್ಞಾನ ಮಂತ್ರಿ. ಪುರೋಹಿತರ ಮಗ ಒಬ್ಬ, ಪಂಚಾಂಗ ಖಾತೆ. ರೇಡಿಯೋ ರಿಪೇರಿಯವನು ಒಬ್ಬ. ಬಿ.ಕಾಂ. ಓದ್ತಿದ್ದ ನಾನು, ಲೆಕ್ಕಪತ್ರ. ಐದನೆಯವನು ಜೀನ್ಸ್ ಕಾರ್ಖಾನೆಯಲ್ಲಿ ಪ್ಯಾಂಟ್ ಹೊಲಿಯೋನು. ಟೈಲರ್ ಅಂತಲೇ ಕರೀತಿದ್ವಿ. ಓದಿದ್ದು ಏಳನೇ ಕ್ಲಾಸು, ಆದರೆ ಹೊಲಿಗೆ ಬಿಟ್ಟ ಜಾಗ ಅವನ ಕಣ್ಣಿಗೆ ಬಿದ್ದಷ್ಟು ಬೇಗ ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಮನೆಮಾತು ತೆಲುಗು. ಬಳ್ಳಾರಿಯಲ್ಲಿ ಇದೇನು ದೊಡ್ಡ ಮಾತಲ್ಲ. ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಲ್ಲಿ ನೀರಿಗೆ ಜಗಳ ಆಡ್ತಾವೆ.

1991ರ ಜುಲೈ 18ರಂದು ‘ಆದಿತ್ಯ 369’ ಬಿಡುಗಡೆ ಆಯ್ತು. ತೆಲುಗು ಚಿತ್ರ. ಬಾಲಕೃಷ್ಣ ಹೀರೋ, ಇಳಯರಾಜಾ ಸಂಗೀತ. ನಿರ್ದೇಶಕರು ಸಿಂಗೀತಂ ಶ್ರೀನಿವಾಸರಾವ್. ನಮಗೇನು ಹೊಸಬರೇ? ಅಣ್ಣಾವ್ರ ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಶ್ರಾವಣ ಬಂತು’ ಇವರದೇ. ಮಾತೇ ಇಲ್ಲದ ‘ಪುಷ್ಪಕ ವಿಮಾನ’ವೂ ಇವರದೇ. ಕಥೆ ಇಷ್ಟು: ಶ್ರೀಕೃಷ್ಣದೇವರಾಯರ ಕಾಲದ ವಜ್ರವನ್ನು ಮ್ಯೂಸಿಯಮ್ಮಿನಿಂದ ಕದಿಯೋ ಖಳ ಅಮರೀಶ್ ಪುರಿ. ಕಾಲಯಂತ್ರ ಮಾಡಿದ ಪ್ರೊಫೆಸರ್ ಟೀನು ಆನಂದ್. ಆಕಸ್ಮಿಕವಾಗಿ ಯಂತ್ರ ಹತ್ತಿದ ನಾಯಕ-ನಾಯಕಿ ಇಳಿಯೋದು 1526ರ ವಿಜಯನಗರಕ್ಕೆ, ಆಮೇಲೆ ಹಾರೋದು 2504ಕ್ಕೆ!

ವಿಜಯನಗರ ಅಂದರೆ ಹಂಪಿ. ಹಂಪಿ ಆಗ ನಮ್ಮ ಜಿಲ್ಲೆ (2021ರಲ್ಲಿ ವಿಜಯನಗರ ಬೇರೆ ಜಿಲ್ಲೆ ಆಯ್ತು). ಶಾಲೆಯ ಟ್ರಿಪ್ಪಿನಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋದ ಊರಿಗೆ ಟೈಮ್ ಮಷೀನಿನಲ್ಲಿ ಹೋಗ್ತಾರೆ ಅಂದರೆ ಸುಮ್ಮನೆ ಇರೋಕಾಗುತ್ತಾ? ಆರು ಸಾರಿ ನೋಡಿದ್ವಿ. ಇನ್ನೂರು ಪುಟದ ನೋಟ್‌ಬುಕ್ಕು ತಂದು ತೂತುಗಳಿಗೆ ನಂಬರ್ ಹಾಕಿದ್ವಿ.

ಹದಿನೇಳು ತೂತುಗಳಲ್ಲಿ ಕೆಲವು

ತೂತು ನಂಬರ್ ಒಂದು, ರೇಡಿಯೋದವನದು. “ಯಂತ್ರ ಓಡೋದು ಕಾಲದಾಗೋ, ರಸ್ತೆ ಮ್ಯಾಲೋ? ಈಗಿನ ಕಾಲದ ಪೇಟೆಯಾಗಿದ್ದ ಯಂತ್ರ ವಿಜಯನಗರಕ್ಕ ಹೆಂಗ ಬಂತಲೇ? ಹೊಸಪೇಟೆ ಪ್ಯಾಸೆಂಜರ್ ಹತ್ತಿತ್ತಾ?” ಮಾತು ಸರಿಯೇ. ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ಕಾದಂಬರಿಯಲ್ಲಿ ಯಂತ್ರ ಕಾಲದಲ್ಲಿ ಓಡುತ್ತೇ ಹೊರತು ಜಾಗ ಬಿಟ್ಟು ಕದಲೋದಿಲ್ಲ.

ಪಾಲಿಟೆಕ್ನಿಕ್ಕಿನವನು ಇದನ್ನೂ ಮೀರಿಸಿದ. “ಯಂತ್ರ ಕದಲದಿದ್ರ ಇನ್ನೂ ಕಷ್ಟ ಐತಿ. ಭೂಮಿ ನಿಂತಲ್ಲಿ ನಿಲ್ಲಂಗಿಲ್ಲ. ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್. ಸೂರ್ಯ ನಮ್ಮೆಲ್ಲರನ್ನೂ ಎಳಕೊಂಡು ಸೆಕೆಂಡಿಗೆ ಸುಮಾರು 220 ಕಿಲೋಮೀಟರ್. 465 ವರ್ಷ ಹಿಂದಕ್ಕೆ ಹೋದ್ರ ಭೂಮಿ ಎಲ್ಲಿರ್ತೈತಿ?” ಲೆಕ್ಕ ನನಗೆ ಬಿತ್ತು. ಸಿಗರೇಟ್ ಪ್ಯಾಕಿನ ಹಿಂದೆ ಗುಣಿಸಿದೆ. ಸುಮಾರು 3 ಲಕ್ಷ ಕೋಟಿ ಕಿಲೋಮೀಟರ್ ದೂರ! ಅಂದರೆ ನಾಯಕ-ನಾಯಕಿ ಇಳಿಯಬೇಕಾದ್ದು ರಾಯನ ಆಸ್ಥಾನದಲ್ಲಲ್ಲ, ನೆಲವೂ ಇಲ್ಲದ ಗಾಳಿಯೂ ಇಲ್ಲದ ಕತ್ತಲಲ್ಲಿ. ಚಹಾದವನು ಗ್ಲಾಸು ತೊಳೆಯೋದು ಬಿಟ್ಟು ಬಾಯಿ ತೆರೆದು ನಿಂತ. ಅವತ್ತಿನ ಮಿರ್ಚಿ ಅವನದೇ ಖರ್ಚು.

ಪಂಚಾಂಗದವನು ಬಿಡ್ತಾನಾ? 1526 ಅಂದರೆ ಶಕವರ್ಷ 1448, ವ್ಯಯ ಸಂವತ್ಸರ. “ಯಂತ್ರಕ್ಕ ಯಾರ ಪಂಚಾಂಗ ಕೊಟ್ಟಿದ್ರು? ಇಂಗ್ಲಿಷ್ ಕ್ಯಾಲೆಂಡರಿನಾಗೇ 1582ರಾಗ ಹತ್ತು ದಿನ ಕಿತ್ತು ಹಾಕ್ಯಾರ. ಆ ಹತ್ತು ದಿನ ಯಂತ್ರಕ್ಕ ಗೊತ್ತಿತ್ತಾ?” ಅಂದ. ನಮ್ಮ ಪಾಲಿಗೆ ವ್ಯಯ ಆಗಿದ್ದು ಟಿಕೆಟ್ ದುಡ್ಡು!

ಇವೆಲ್ಲ ತಮಾಷೆಯ ತೂತು. ನಿದ್ದೆ ಕೆಡಿಸಿದ್ದು ಟೈಲರ್ ಹಿಡಿದದ್ದು. ಚಹಾ ಆರೋವರೆಗೂ ಸುಮ್ಮನಿದ್ದು ಕೇಳಿದ, “ಅಲ್ರಲೇ, ಸಾಕ್ಷಾತ್ ರಾಯನ ಮುಂದ ನಿಂತಾರ. ಇನ್ನು 39 ವರ್ಷಕ್ಕ, 1565ರಾಗ ಯುದ್ಧ ಐತಿ, ಊರು ಸುಟ್ಟು ಬೂದಿ ಆಗ್ತೈತಿ, ಹುಷಾರು ಅಂತ ಒಂದು ಮಾತು ಯಾಕ ಹೇಳಲಿಲ್ಲ?”

ಯಾರೂ ಮಾತಾಡಲಿಲ್ಲ. ಎಲ್ಲರೂ ಹಂಪಿಯ ಮುರಿದ ಕಂಬ ಮುಟ್ಟಿ ಬಂದವರೇ. ಕೊನೆಗೆ ವಿಜ್ಞಾನ ಮಂತ್ರಿ ಬಿಡಿಸಿ ಹೇಳಿದ. ಹೇಳಿದರೆ ಹಂಪಿ ಉಳಿಯುತ್ತೆ. ಹಂಪಿ ಉಳಿದರೆ ವಜ್ರ ಅರಮನೆಯಲ್ಲೇ ಇರುತ್ತೆ. ಮ್ಯೂಸಿಯಮ್ಮಿಗೆ ಬರೋದಿಲ್ಲ, ಅಮರೀಶ್ ಪುರಿ ಕದಿಯೋದಿಲ್ಲ, ಇವರು ಯಂತ್ರ ಹತ್ತೋದಿಲ್ಲ. ಹತ್ತದಿದ್ದರೆ ರಾಯನಿಗೆ ಹೇಳೋರು ಯಾರು? “ಅದಕ್ಕೇ ಹಿಂದಿನದನ್ನ ಮುಟ್ಟಂಗಿಲ್ಲ. ಒಂದು ದಾರ ಎಳೆದ್ರ ಪೂರಾ ಪ್ಯಾಂಟೇ ಬಿಚ್ಚಿಕೊಳ್ತೈತಿ,” ಅಂದ. ಟೈಲರ್‌ಗೆ ಅರ್ಥ ಆಯ್ತು, ಒಪ್ಪಿಗೆ ಆಗಲಿಲ್ಲ. “ಆದ್ರೂ ಹೇಳಬೇಕಿತ್ತು,” ಅಂದ.

ನಾನು ಮಾಡಿದ ತೂತು

ಮುಂದಿನ ತೂತು ನಂದು. ರಾಯ ತೆಲುಗಿನಲ್ಲೇ ಯಾಕೆ ಮಾತಾಡ್ತಾನೆ? ಕನ್ನಡ ರಾಜ್ಯ ರಮಾರಮಣ ಅಂತ ಬಿರುದು ಇದ್ದವನು! ಟೈಲರ್ ನಕ್ಕ. ಆಂಧ್ರಭೋಜ ಅಂತಲೂ ಬಿರುದು ಐತಿ, ‘ಆಮುಕ್ತಮಾಲ್ಯದ’ ಬರೆದದ್ದು ತೆಲುಗಿನಾಗೆ, ಅಂದ. ಅಲ್ಲಿಗೆ ನಿಲ್ಲಬೇಕಿತ್ತು. ನಾನು 1970ರ ‘ಶ್ರೀ ಕೃಷ್ಣದೇವರಾಯ’ ತೆಗೆದೆ: ಅಣ್ಣಾವ್ರು ರಾಯ, ಪಂತುಲು ತಿಮ್ಮರುಸು. ಅವನು ಎನ್.ಟಿ.ಆರ್. ತೆಗೆದ: 1956ರ ‘ತೆನಾಲಿ ರಾಮಕೃಷ್ಣ’, 1962ರ ‘ಮಹಾಮಂತ್ರಿ ತಿಮ್ಮರುಸು’. ಈಗ ಮಗನ ಪಾಳಿ ಅಂದ. ಸುತ್ತ ಜನ ಸೇರಿದರು. ಜನ ಸೇರಿದರೆ ಅಭಿಮಾನಿಯ ತಲೆ ತಿರುಗೋದು ನಿಮಗೆ ಗೊತ್ತೇ ಇದೆ. ನನ್ನ ಬಾಯಿಂದ ಬಂದೇ ಬಿಡ್ತು.

“ಸಿನಿಮಾ ನಿಮ್ಮದು, ಊರು ನಮ್ಮದು. ಅಷ್ಟು ಪ್ರೀತಿ ಇದ್ರ ಗುಂತಕಲ್ ಬಸ್ ಹತ್ತಲೇ!”

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರ್ತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಎಳೆದಾಗ ಅವನ ಅಜ್ಜ ಇದೇ ಬಳ್ಳಾರಿಯಲ್ಲಿ ಮೂಟೆ ಹೊರ್ತಿದ್ದ. ಟೈಲರ್ ಏನೂ ಅನ್ನಲಿಲ್ಲ. ಗ್ಲಾಸು ಇಟ್ಟು ಹೋದ. ಮರುದಿನ ಬರಲಿಲ್ಲ. ಮರುವಾರ ಬರಲಿಲ್ಲ. ಚಹಾ ಗಾಡಿಯಲ್ಲಿ ನಾಲ್ಕು ಜನ ಆದ್ವಿ. ಹೊಸ ತೂತು ಸಿಗಲೇ ಇಲ್ಲ.

ಇಪ್ಪತ್ತು ದಿನ ಆಗಿರಬೇಕು. ಅವರಪ್ಪ ತೀರಿಹೋದ ಸುದ್ದಿ ಬಂತು. ಹೋದೆ. ಬಾಗಿಲಲ್ಲಿ ನಿಂತೆ. ಕ್ಷಮಿಸು ಅನ್ನೋಕೆ ಬಾಯಿ ಬರಲಿಲ್ಲ. ಅವನೇ ಹೊರಗೆ ಬಂದು ಕಟ್ಟೆ ಮೇಲೆ ಕೂತ.

“ಸಂಜಿಗೆ ಎದಿ ಉರೀತೈತಿ ಅಂದ ನಾನ್ನಾ. ಡಾಕ್ಟ್ರ ಹತ್ರ ಕರ್ಕೊಂಡು ಹೋಗು ಅಂದ. ನಾಳಿ ಹೋಗೋಣ ಅಂದೆ. ನಿನಗ ಉತ್ತರ ಹೇಳಾಕ ಏನಾರ ಸಿಗ್ತೈತೇನೋ ಅಂತ ಮತ್ತೊಂದು ಸಲ ಸಿನಿಮಾಕ್ಕ ಹೋಗಿದ್ದೆ. ಬರೋದ್ರಾಗ ಮುಗಿದಿತ್ತು.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು. ಅವನು ನನ್ನ ಮುಖ ನೋಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ:

“ಒಂದು ತೂತು ಸಿಕ್ತು. ನೋಟ್‌ಬುಕ್ಕಿನಾಗ ಬರ್ಕೊ. ಎಲ್ರೂ ನಾನೂರು ವರ್ಷ ಹಿಂದಕ್ಕ ಹೋಗ್ತಾರ, ಐನೂರು ವರ್ಷ ಮುಂದಕ್ಕ ಹೋಗ್ತಾರ. ಒಬ್ಬರಾದ್ರೂ ನಿನ್ನೆ ಸಂಜಿಗೆ ಯಾಕ ಹೋಗಂಗಿಲ್ಲ?”

ಅದೇ ಹದಿನೇಳನೆಯದು.

ಓದೋಕೆ ಬಾರದ ಕಲ್ಲು

ಆ ಡಿಸೆಂಬರಿನಲ್ಲಿ ನಾವಿಬ್ಬರೇ ಹಂಪಿಗೆ ಹೋದ್ವಿ. ಕರೆದದ್ದು ನಾನು. ವಿರೂಪಾಕ್ಷ ಗುಡಿಯಲ್ಲಿ ರಾಯ ಕಟ್ಟಿಸಿದ ರಂಗಮಂಟಪ, ಅದರ ಮುಂದೆ 1510ರ ಶಾಸನ. ಸಂಸ್ಕೃತ, ಕನ್ನಡ ಎರಡೂ ಇದೆ ಅಂತ ಗೈಡ್ ಹೇಳಿದ. ಕನ್ನಡದ ಹುಲಿ ಅಂತ ಮೆರೆದ ನಾನು ಕಲ್ಲಿನ ಮುಂದೆ ಬಗ್ಗಿ ನೋಡಿದೆ. ಹಳೇ ಅಕ್ಷರ. ಒಂದು ಸಾಲೂ ಓದೋಕೆ ಬರಲಿಲ್ಲ!

ಟೈಲರ್ ಬೆನ್ನ ಹಿಂದೆ ನಿಂತು ಕೇಳಿದ, “ಏನ್ ಬರ್ದೈತಿ?”

“ಗೊತ್ತಾಗವಲ್ದು,” ಅಂದೆ.

“ನಂಗೂ,” ಅಂದ. ಅಪ್ಪ ಹೋದ ಮೇಲೆ ಅವನು ನಕ್ಕಿದ್ದು ನಾನು ನೋಡಿದ್ದು ಅವತ್ತೇ. ಗುಂತಕಲ್ ಬಸ್ಸಿನ ಮಾತಿಗೆ ಕ್ಷಮೆ ಕೇಳಿದ್ದೂ ಅಲ್ಲೇ. ಅವನು ಕೇಳಿಸಿಕೊಂಡ, ಅಷ್ಟೇ. ಹೋಗಲಿ ಬಿಡು ಅನ್ನಲಿಲ್ಲ. ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟು ನನಗೆ ಬಿಟ್ಟುಕೊಟ್ಟ.

ಈಗ ನಾನು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೀತೀನಿ. ಟೈಲರ್‌ದು ಸ್ವಂತ ನಾಲ್ಕು ಮಷೀನಿನ ಜೀನ್ಸ್ ಘಟಕ. ಚಿತ್ರ ಆಮೇಲೆ ಟೀವಿಯಲ್ಲಿ ಎಷ್ಟು ಸಾರಿ ಬಂದಿದೆಯೋ ಲೆಕ್ಕವಿಲ್ಲ. ಬಂದಾಗೆಲ್ಲ ಫೋನು ಬರುತ್ತೆ: “ಹಚ್ಚಿದ್ಯಾ?” ಅಂತ. 2025ರ ಏಪ್ರಿಲ್‌ನಲ್ಲಿ ಹೊಸ ಹೊಳಪಿನೊಂದಿಗೆ ಮತ್ತೆ ಥಿಯೇಟರಿಗೆ ಬಂದಾಗ ಇಬ್ಬರೂ ಹೋದ್ವಿ, ಅವನ ಮಗನೂ ಜೊತೆಗೆ. ನಾವು ಶಿಳ್ಳೆ ಹೊಡೆದದ್ದಕ್ಕೆ ಹುಡುಗನಿಗೆ ನಾಚಿಕೆ. ಆದರೆ ಹೊರಗೆ ಬಂದ ಕೂಡಲೇ ಶುರು ಮಾಡಿದ: “ಮಾಮಾ, ಯಂತ್ರ ನಿಂತಾಗ ಕರೆಂಟ್ ಎಲ್ಲಿಂದ? 1526ರಾಗ ಚಾರ್ಜ್ ಹೆಂಗ ಮಾಡಿದ್ರು?”

ಟೈಲರ್ ನನ್ನ ಕಡೆ ತಿರುಗಿ, “ಬರ್ಕೊಳಪ್ಪ, ಹದಿನೆಂಟು,” ಅಂದ.

ತಮ್ಮಂದಿರೇ, ಸಿನಿಮಾದಲ್ಲಿ ತಪ್ಪು ಹಿಡಿಯೋರನ್ನ ಕಂಡರೆ ಕೆಲವರಿಗೆ ಸಿಟ್ಟು. ಇಷ್ಟ ಇಲ್ಲದಿದ್ದರೆ ನೋಡಬೇಡ ಅಂತಾರೆ. ಇಷ್ಟ ಇಲ್ಲದವನು ಒಂದೇ ಸಾರಿ ನೋಡಿ ಮರೀತಾನೆ ಸ್ವಾಮಿ! ಆರು ಸಾರಿ ಟಿಕೆಟ್ ತಗೊಂಡವನಿಗೆ ಮಾತ್ರ ತೂತು ಕಾಣೋದು. ಜಗಳ ಆಡಿ, ಬೇಕಾದಷ್ಟು ಆಡಿ. ತೂತು ಕಥೆಯಲ್ಲಿ ಹುಡುಕಿ, ಎದುರಿಗೆ ಚಹಾ ಕುಡಿಯೋ ಗೆಳೆಯನ ಎದೆಯಲ್ಲಿ ಮಾಡಬೇಡಿ. ಅದನ್ನು ಹೊಲಿಯೋಕೆ ಯಾವ ಟೈಲರಿಗೂ ಸುಲಭ ಅಲ್ಲ.

ನೋಟ್‌ಬುಕ್ಕು ಇನ್ನೂ ನನ್ನ ಹತ್ತಿರ ಇದೆ. ಹದಿನಾರು ತೂತುಗಳ ಮುಂದೆ ನಾವೇ ಯೋಚಿಸಿದ ಸಮಾಧಾನ ಬರೆದಿದೆ, ಕೆಲವು ಸರಿ, ಕೆಲವು ಬರೀ ಬೂಸಿ. ಹದಿನೇಳನೆಯದರ ಮುಂದೆ ಜಾಗ ಖಾಲಿ ಇದೆ. ನಿಮಗೇನಾದರೂ ಹೊಳೆದರೆ ತಿಳಿಸಿ. ಟೈಲರ್ ಇನ್ನೂ ಕೇಳ್ತಾನೆ.