ಡಾಲ್ಫಿನ್ ಕಾರೂ ಹಳೇ ಡೈರಿಯೂ

ಮೊನ್ನೆ ನಮ್ಮ ಪಕ್ಕದ ಮನೆಯ ಹುಡುಗ ಬಂದು ಕೇಳಿದ, "ಆಜೋಬಾ, ತುಮಚೀ ಪಹಿಲೀ ಗಾಡೀ ಕೋಣತೀ?" ಅಂತ. ಅಜ್ಜಾ, ನಿಮ್ಮ ಮೊದಲನೇ ಗಾಡಿ ಯಾವುದು ಅಂತ. ಅವನು ನಾಸಿಕದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಹಳೇ ಕಾರುಗಳೆಂದರೆ ಪ್ರಾಣ. ಮಾರುತಿ ಅಥವಾ ಫಿಯಟ್ ಅನ್ನುತ್ತೇನೆ ಅಂದುಕೊಂಡಿದ್ದ. ನಾನು "ಸಿಪಾನಿ ಡಾಲ್ಫಿನ್" ಅಂದೆ. ಹುಡುಗ ಕುರ್ಚಿ ಎಳೆದುಕೊಂಡು ಕೂತೇಬಿಟ್ಟ.

ನಿಮ್ಮಲ್ಲೂ ಬಹಳ ಜನ ಆ ಹೆಸರು ಮರೆತಿರಬಹುದು. ಅದು ನಮ್ಮ ಬೆಂಗಳೂರಿನ ಕಾರು. ಅಂಬಾಸಿಡರ್, ಫಿಯಟ್ ಬಿಟ್ಟರೆ ದೇಶದಲ್ಲಿ ಬೇರೆ ಕಾರೇ ಇಲ್ಲವೇನೋ ಅನ್ನುವಂಥ ಕಾಲದಲ್ಲಿ, ಬೆಂಗಳೂರಿನ ಸಿಪಾನಿಯವರು ಮೊದಲು ಬಾದಲ್ ಅಂತ ಮೂರು ಗಾಲಿಯ ಕಾರು ಮಾಡಿದರು. ಆಮೇಲೆ 1982ರಲ್ಲಿ ಡಾಲ್ಫಿನ್ ತಂದರು. ಮೂಲ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಪುಟ್ಟ ಕಾರು. ಎರಡೇ ಬಾಗಿಲು. 848 ಸಿ.ಸಿ.ಯ ನಾಲ್ಕು ಸಿಲಿಂಡರಿನ ಅಲ್ಯುಮಿನಿಯಂ ಇಂಜಿನ್. ಹತ್ತು ಇಂಚಿನ ಗಾಲಿ, ನೋಡಿದರೆ ಆಟದ ಸಾಮಾನಿನ ಹಾಗೆ. ಹಿಂದಿನ ಗಾಜೇ ಬಾಗಿಲಿನಂತೆ ಮೇಲಕ್ಕೆ ಏಳುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಮಾತು, ಮೈಯೆಲ್ಲ ಫೈಬರ್ ಗ್ಲಾಸ್. ತಗಡಿಲ್ಲ, ಹಾಗಾಗಿ ಮೈಗೆ ತುಕ್ಕೂ ಇಲ್ಲ. ತೂಕ ಅಂಬಾಸಿಡರಿನ ಅರ್ಧದಷ್ಟು.

ಆ ಹಗುರತನದಿಂದಲೇ ಅದಕ್ಕೆ ಇನ್ನೊಂದು ಜನ್ಮ ಸಿಕ್ಕಿತು. ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ ಕಾರ್ ರೇಸ್ ನಡೆಯುತ್ತಿದ್ದವಲ್ಲ, ಅಲ್ಲಿ ರೇಸಿನವರು ಈ ಡಾಲ್ಫಿನ್ನನ್ನು ಓಡಿಸತೊಡಗಿದರು. ರ್‍ಯಾಲಿಗಳಲ್ಲೂ ಓಡಿತು. ಇದೇ ರಿಲಯಂಟ್ ಕಂಪನಿ ಸಿಮಿಟಾರ್ ಅನ್ನುವ ಫೈಬರ್ ಮೈಯ ಸ್ಪೋರ್ಟ್ಸ್ ಕಾರನ್ನೂ ಮಾಡುತ್ತಿತ್ತು; ಇಂಗ್ಲೆಂಡಿನ ರಾಜಕುಮಾರಿ ಆ್ಯನ್ ಅದನ್ನು ಓಡಿಸುತ್ತಿದ್ದರು. ಅಂತೂ ಸಂಬಳದ ಮನುಷ್ಯನಿಗೆ ಎಟುಕುವ ಸ್ಪೋರ್ಟ್ಸ್ ಕಾರು ಅಂದರೆ ಇದೇ ಅಂತ ನನಗೆ ಆಗ ಅನಿಸಿತ್ತು. ಈಗಲೂ ಹಾಗೇ ಅನಿಸುತ್ತದೆ ಬಿಡಿ.

ನನ್ನೂರು ರಾಣೆಬೆನ್ನೂರು ಕಡೆಯ ಹಳ್ಳಿ. ಧಾರವಾಡದಲ್ಲಿ ಎಂ.ಕಾಂ. ಮಾಡಿ ಬ್ಯಾಂಕು ಸೇರಿದವನಿಗೆ 1988ರಲ್ಲಿ ವರ್ಗದ ಆರ್ಡರ್ ಬಂತು: ಪಿಂಪಳಗಾಂವ್ ಬಸವಂತ್, ನಾಸಿಕ ಜಿಲ್ಲೆ, ಮಹಾರಾಷ್ಟ್ರ. ನಕಾಶೆಯಲ್ಲಿ ಹುಡುಕುವಾಗ ಹೆಸರಿನ ಕೊನೆಗೆ ಬಸವಂತ್ ಅಂತ ಕಂಡು, ಅಲ್ಲೂ ನಮ್ಮ ಬಸವಣ್ಣ ಇದ್ದಾನಲ್ಲ ಅಂತ ಒಂದು ಹುಚ್ಚು ಧೈರ್ಯ. ನಾಸಿಕದಿಂದ ಮೂವತ್ತು ಕಿಲೋಮೀಟರು, ಬೊಂಬಾಯಿ ಆಗ್ರಾ ರಸ್ತೆಯ ಮೇಲೆ. ಬಂದಿಳಿದರೆ ಬಸವಣ್ಣ ಕಾಣಲಿಲ್ಲ, ಈರುಳ್ಳಿ ಕಂಡಿತು. ಮಾರ್ಕೆಟ್ ಯಾರ್ಡಿನ ಮುಂದೆ ಸಾಲಾಗಿ ನಿಂತ ಟ್ರ್ಯಾಕ್ಟರುಗಳ ತುಂಬ ಈರುಳ್ಳಿ. ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ತೋಟ. ಜನ ಒಳ್ಳೆಯವರು. ಆದರೆ ಮಾತು ಬೇರೆ, ಸಾರಿನ ರುಚಿ ಬೇರೆ. ಊರಿಗೆ ಹತ್ತಿರ ಹತ್ತಿರ 800 ಕಿಲೋಮೀಟರು. ಮನೆಯವಳು ಮೊದಲ ತಿಂಗಳೆಲ್ಲ ಅತ್ತಳು. ನಾನು ಅಳಲಿಲ್ಲ, ಕಾರು ತಗೊಂಡೆ!

1989ರ ಜೂನ್‌ನಲ್ಲಿ ಹುಬ್ಬಳ್ಳಿಯ ಒಬ್ಬ ಸಹೋದ್ಯೋಗಿ ತಮ್ಮ ಡಾಲ್ಫಿನ್ ಮಾರುತ್ತಾರೆಂದು ತಿಳಿಯಿತು. 28,000 ರೂಪಾಯಿ. ಪಿ.ಎಫ್.ನಿಂದ ಸಾಲ ತೆಗೆದೆ. ಎಲ್ಲರಿಗೂ ಒಂದೇ ಕಾರಣ ಹೇಳಿದೆ: ಊರಿಗೆ ಹೋಗಿ ಬರೋದಕ್ಕೆ. ಅಪ್ಪನಿಗೆ ಆಗ ಎಪ್ಪತ್ತು ದಾಟಿತ್ತು.

ಹುಬ್ಬಳ್ಳಿಯಿಂದ ಪಿಂಪಳಗಾಂವಿಗೆ ಎರಡು ದಿನ ಓಡಿಸಿಕೊಂಡು ಬಂದೆ. ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಖಂಬಾಟಕಿ ಘಾಟು, ಪುಣೆ, ಸಂಗಮನೇರ, ಸಿನ್ನರ್. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಲ್ಲೆಲ್ಲ ಜನ ಸೇರಿ ಕಾರಿನ ಮೈಯನ್ನು ಬೆರಳಿನಿಂದ ಟಕ್ ಟಕ್ ಅಂತ ಬಡಿದು ನೋಡುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಹಳೇ ಬೆಂಗಳೂರು ನಂಬರಿನ 'ಸಿಎ' ಅಕ್ಷರ ನೋಡಿ, "ಸಾಹೇಬರು ಚಾರ್ಟರ್ಡ್ ಅಕೌಂಟೆಂಟ್ ಏನು?" ಅಂತ ಒಬ್ಬ ದ್ರಾಕ್ಷಿ ಬೆಳೆಗಾರ ಕೇಳಿದ್ದೂ ಉಂಟು. ಮುಂದೆ ಕಾಯಿದೆ ಪ್ರಕಾರ ನಾಸಿಕದ ಎಂಎಚ್ 15 ನಂಬರು ಮಾಡಿಸಬೇಕಾಯಿತು. ಅದೇ ಸುಮಾರಿಗೆ ನಮ್ಮ ರೇಷನ್ ಕಾರ್ಡೂ ಇಲ್ಲಿಯದಾಯಿತು. ಹಳೇ ನಂಬರ್ ಪ್ಲೇಟನ್ನು ಬಹಳ ವರ್ಷ ಇಟ್ಟುಕೊಂಡಿದ್ದೆ.

ಒಂದು ಸಲ ಮಾರ್ಕೆಟ್ ಯಾರ್ಡಿನಲ್ಲಿ ಹಿಂದೆ ತೆಗೆಯುವಾಗ ಈರುಳ್ಳಿ ಟ್ರಾಲಿಗೆ ಗುದ್ದಿಬಿಟ್ಟೆ. ತಪ್ಪು ಪೂರ್ತಿ ನನ್ನದೇ. ಕಾರಿನ ಮೂಲೆ ಗಡಿಗೆ ಒಡೆದ ಹಾಗೆ ಬಿರುಕು ಬಿಟ್ಟಿತು. ಗ್ಯಾರೇಜಿನವನು ಸುತ್ತಿಗೆ ಹಿಡಿದು ನಿಂತ, ಬಡಿಯೋದು ಎಲ್ಲಿಗೆ ಅಂತ ತಿಳಿಯದೆ. ಆಗ ನೆನಪಾದದ್ದು ಓಝರ್. ನಾಸಿಕಕ್ಕೂ ಪಿಂಪಳಗಾಂವಿಗೂ ನಡುವೆ, 1964ರಲ್ಲಿ ಮಿಗ್ ವಿಮಾನಕ್ಕಾಗಿ ಶುರುವಾದ ಎಚ್.ಎ.ಎಲ್. ಕಾರ್ಖಾನೆ ಇದೆ. ಅಲ್ಲಿ ಬೆಂಗಳೂರಿನಿಂದ ವರ್ಗವಾಗಿ ಬಂದ ಕನ್ನಡದವರ ಮನೆಗಳಿದ್ದವು. ತುಮಕೂರು ಕಡೆಯ ಒಬ್ಬರು ಭಾನುವಾರ ತಮ್ಮ ಮನೆ ಮುಂದೆ ಕಾರು ನಿಲ್ಲಿಸಿಕೊಂಡು, ಗಾಜಿನ ನಾರಿನ ಬಟ್ಟೆ ಹಚ್ಚಿ, ಅದರ ಮೇಲೆ ರಾಳದಂಥ ದ್ರವ ಸವರಿ, ಒಣಗಿಸಿ, ಉಜ್ಜಿ, ಸಂಜೆಯೊಳಗೆ ಬಿರುಕು ಎಲ್ಲಿತ್ತು ಅಂತ ಕಾಣದಂತೆ ಮಾಡಿಕೊಟ್ಟರು. ಅವರ ಮನೆಯವರು ಬಿಸಿಬೇಳೆ ಭಾತ್ ಬಡಿಸಿದರು. ಅವತ್ತಿನಿಂದ ಎರಡು ಮನೆಗಳೂ ಒಂದಾದವು. ಕಾರು ಮುರಿದದ್ದೇ ಒಳ್ಳೆಯದಾಯಿತು ಅಂತ ನನ್ನವಳು ಈಗಲೂ ಹೇಳುತ್ತಾಳೆ.

ಇಷ್ಟನ್ನೂ ಆ ಹುಡುಗನಿಗೆ ಹೇಳಿದೆ. ಕೊನೆಗೆ, ನಾನು ಯಾವಾಗಲೂ ಹೇಳುವ ಕಥೆಗೆ ಬಂದೆ. 1992ರ ಆಗಸ್ಟ್. ಅಪ್ಪನಿಗೆ ಬಹಳ ಸೀರಿಯಸ್ ಅಂತ ಬ್ಯಾಂಕಿಗೆ ಫೋನು ಬಂತು. ಸಂಜೆ ಹೊರಟೆ. ಜಿಟಿಜಿಟಿ ಮಳೆ. ಘಾಟಿನಲ್ಲಿ ಲಾರಿಗಳ ದೀಪ ಗಾಜಿನ ಮೇಲೆ ಹರಡಿ ಏನೂ ಕಾಣದು. ರಾತ್ರಿಯಿಡೀ ಡಾಲ್ಫಿನ್ ಓಡಿಸಿದೆ. ಎಷ್ಟು ಓಡಿಸಿದರೂ ಊರು ಮುಟ್ಟುವಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದ. ಈ ಕಥೆಯನ್ನು ನಾನು ನನ್ನ ಮಗಳಿಗೆ, ಬ್ಯಾಂಕಿನ ಗೆಳೆಯರಿಗೆ, ತಮ್ಮನ ಮಕ್ಕಳಿಗೆ, ಇಪ್ಪತ್ತು ಸಲವಾದರೂ ಹೇಳಿದ್ದೇನೆ.

ಒಳಗೆ ಸೊಪ್ಪು ಬಿಡಿಸುತ್ತಿದ್ದವಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ಹುಡುಗನ ಮುಂದೆ ಏನೂ ಅನ್ನಲಿಲ್ಲ. ಅವನು ಹೋದ ಮೇಲೆ ಹೇಳಿದಳು, "ಅವತ್ತು ನಾವು ಬಸ್ಸಿನ್ಯಾಗ ಹೋದ್ವಿ ರೀ. ಪುಣೆದಾಗ ಬಸ್ಸು ಬದಲಿ ಮಾಡಿದ್ವಿ. ನೀವು ಕಿಟಕಿ ಕಡೆ ಕುಂತಿದ್ರಿ."

ನಾನು ಒಪ್ಪಲಿಲ್ಲ. ಆ ಮಳೆ ನನ್ನ ಕಣ್ಣ ಮುಂದಿದೆ, ಸ್ಟೀರಿಂಗ್ ನನ್ನ ಕೈಯಲ್ಲಿದೆ! ಜೋರು ಮಾತಾಯಿತು. "ನಿಮ್ಮ ಡೈರಿ ತೆಗೀರಿ, ಎಲ್ಲಾ ಬರ್ದಿಟ್ಟೀರಲ್ಲ," ಅಂದಳು.

ನಿಜ, ಬರೆದಿಟ್ಟಿದ್ದೆ. ಬ್ಯಾಂಕಿನವನ ಚಟ ನೋಡಿ. ಪ್ರತಿ ಸಲ ಪೆಟ್ರೋಲ್ ಹಾಕಿಸಿದ ದಿನ, ಎಷ್ಟು ಲೀಟರು, ಎಷ್ಟು ರೂಪಾಯಿ, ಮೀಟರಿನಲ್ಲಿ ಎಷ್ಟು ಕಿಲೋಮೀಟರು, ಎಲ್ಲಿಗೆ ಹೋದದ್ದು. ಅಟ್ಟದ ಮೇಲಿನ ಟ್ರಂಕಿನಲ್ಲಿ ಆರು ವರ್ಷದ ಡೈರಿಗಳು ಸಿಕ್ಕವು. 1992ರ ಆಗಸ್ಟ್ ತೆಗೆದೆ. 12ನೇ ತಾರೀಖು: 48,416. ಕೆಳಗೆ ನನ್ನದೇ ಅಕ್ಷರ, 'ಕ್ಲಚ್ ಪ್ಲೇಟು ಬಿಚ್ಚಿದೆ. ಬೆಂಗಳೂರಿಗೆ ಬರೆಯಬೇಕು.' ಆಮೇಲೆ ಹಲವು ಪುಟ ಖಾಲಿ. 29ನೇ ತಾರೀಖು: 48,416. 'ಪ್ಲೇಟಿಗೆ ಬರೆದೆ.'

ಕಾರು ಒಂದು ಕಿಲೋಮೀಟರೂ ಓಡಿರಲಿಲ್ಲ.

ಬರೆಯಬೇಕು ಅಂತ ಬರೆದಿಟ್ಟು, ಬರೆಯದೆ ಕೂತಿದ್ದವನು ನಾನು. ಈ ಕಾರಿನ ಬಿಡಿಭಾಗಕ್ಕೆ ಬೆಂಗಳೂರಿಗೇ ಬರೆಯಬೇಕು, ಅದು ನನಗೆ ಗೊತ್ತಿತ್ತು. ಮುಂದಿನ ವಾರ ನೋಡಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಫೋನು ಬಂತು. ಕಾರು ಸರಿಯಿದ್ದಿದ್ದರೂ ಅಪ್ಪನ ಮುಖ ಸಿಗುತ್ತಿತ್ತು ಅಂತ ಹೇಳಲಾರೆ. 800 ಕಿಲೋಮೀಟರು, ಆ ಮಳೆಯಲ್ಲಿ. ಆದರೆ ಅಪ್ಪನಿಗಾಗಿ ಕೊಂಡ ಕಾರು ಅಪ್ಪನಿಗೆ ಬೇಕಾದ ದಿನ ಗ್ಯಾರೇಜಿನಲ್ಲಿತ್ತು ಅನ್ನುವುದನ್ನು ನನ್ನ ಮನಸ್ಸು ಮೂವತ್ತು ವರ್ಷದಲ್ಲಿ ಮೆಲ್ಲಗೆ ಅಳಿಸಿ, ಬಸ್ಸಿನ ಕಿಟಕಿಯ ಮಳೆಯನ್ನು ತಂದು ಕಾರಿನ ಗಾಜಿನ ಮೇಲೆ ಸುರಿದಿತ್ತು. ಬ್ಯಾಂಕಿನಲ್ಲಿ ಯಾರಾದರೂ ಹೀಗೆ ಎಂಟ್ರಿ ತಿದ್ದಿದ್ದರೆ ನಾನೇ ಮೆಮೊ ಕೊಡುತ್ತಿದ್ದೆ.

ಅಂದು ರಾತ್ರಿ ಕೂತು ಪೂರ್ತಿ ಲೆಕ್ಕ ತೆಗೆದೆ. ಕಾರು ಕೊಂಡಾಗ 31,240. ನನಗೆ ಔರಂಗಾಬಾದಿಗೆ (2023ರಿಂದ ಛತ್ರಪತಿ ಸಂಭಾಜಿನಗರ) ವರ್ಗವಾಗಿ, 1995ರ ಮಾರ್ಚಿನಲ್ಲಿ ನಿಫಾಡದ ಕಡೆಯ ಒಬ್ಬ ಹುಡುಗನಿಗೆ ಮಾರಿದಾಗ 58,910. ಒಟ್ಟು ಓಡಿದ್ದು 27,670 ಕಿಲೋಮೀಟರು. ಇದರಲ್ಲಿ ಊರಿನ ದಾರಿ? ಹುಬ್ಬಳ್ಳಿಯಿಂದ ತಂದದ್ದು 690. 1989ರ ದೀಪಾವಳಿಗೆ ಹೋಗಿ ಬಂದದ್ದು 1,640. 1990ರ ಮೇ ತಿಂಗಳಲ್ಲಿ 1,655. ಅಷ್ಟೇ. 3,985. ನೂರಕ್ಕೆ ಹದಿನಾಲ್ಕು. ಕಾರಿನಲ್ಲಿ ನಾನು ಊರಿಗೆ ಹೋದದ್ದು ಎರಡೇ ಸಲ!

ಉಳಿದ ಕಿಲೋಮೀಟರೆಲ್ಲ ಎಲ್ಲಿ ಹೋದವು? ಡೈರಿಯಲ್ಲೇ ಇವೆ. ಲಾಸಲಗಾಂವ್, ಪಾಲಖೇಡ, ಬೆಳೆ ಸಾಲದ ತೋಟ ನೋಡಲು. ವಣಿಯ ಸಪ್ತಶೃಂಗಿ ದೇವಿಗೆ. ತ್ರ್ಯಂಬಕೇಶ್ವರ, ಶಿರಡಿ. ಮಗಳ ಹೆರಿಗೆಗೆ ನಾಸಿಕಕ್ಕೆ, ಅರ್ಧ ರಾತ್ರಿ. ಓಝರಿಗೆ ಅಂತೂ ಲೆಕ್ಕವಿಲ್ಲದಷ್ಟು ಭಾನುವಾರ. ಒಮ್ಮೆ ಎಲ್ಲೋರದ ಗುಹೆಗಳಿಗೆ. ಊರಿಗೆ ಹೋಗೋದಕ್ಕೆ ಅಂತ ತಂದ ಕಾರು ನಮ್ಮನ್ನು ಈ ಊರಿನವರನ್ನಾಗಿ ಮಾಡಿತ್ತು. ನಾವು ಗಮನಿಸಿರಲಿಲ್ಲ. ಇಲ್ಲದಿದ್ದರೆ 1994ರಲ್ಲಿ ಇಲ್ಲೇ ಸೈಟು ಯಾಕೆ ಕೊಳ್ಳುತ್ತಿದ್ದೆ, 2018ರಲ್ಲಿ ರಿಟೈರಾಗಿ ಇಲ್ಲಿಗೇ ಯಾಕೆ ಬರುತ್ತಿದ್ದೆ? ಹೊರನಾಡಿನಲ್ಲಿದ್ದೇವೆ, ಊರು ಬಿಟ್ಟು ಬಂದಿದ್ದೇವೆ ಅಂತ ಸಂಕಟಪಡುವ ನಾವೆಲ್ಲ ಒಮ್ಮೆ ನಮ್ಮ ನಮ್ಮ ಮೀಟರು ನೋಡಿಕೊಳ್ಳಬೇಕೇನೋ. ಯಾರೋ ನಮ್ಮನ್ನು ಊರಿನಿಂದ ದೂರ ಇಟ್ಟರು ಅನ್ನುವುದು ಪೂರ್ತಿ ಸತ್ಯವಲ್ಲ. ನನ್ನ ರಜೆಗಳೂ ಬಾಕಿ ಉಳಿದಿದ್ದವು.

1990ರ ಮೇ ತಿಂಗಳ ಪುಟದಲ್ಲಿ ಒಂದು ಸಾಲು ಇತ್ತು: 'ಅಪ್ಪನ ಜೊತೆ ಬ್ಯಾಡಗಿಗೆ, ಹೋಗಿ ಬಂದು 56.' ಅದು ಮಾತ್ರ ಸುಳ್ಳಲ್ಲ. ಅಪ್ಪ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಕೈಯಾಡಿಸಿ, "ಇದೇನೋ ತಮ್ಮಾ, ಪ್ಲಾಸ್ಟಿಕ್ ಗಾಡಿ ತಂದೀಯಲ್ಲ. ಬಿಸಲಿಗೆ ಕರಗಂಗಿಲ್ಲೇನು?" ಅಂದಿದ್ದ. ರುಮಾಲು ಮೇಲೆ ತಾಗುತ್ತದೆ ಅಂತ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತ. ಬರುವಾಗ ಹಿಂದಿನ ಗಾಜು ಎತ್ತಿ ಮೆಣಸಿನಕಾಯಿ ಚೀಲ ಇಟ್ಟೆವು. ಘಾಟಿಗೆ ಇಬ್ಬರೂ ಸೀನುತ್ತಾ ಬಂದೆವು. ಮನೆ ಮುಂದೆ ಇಳಿಯುತ್ತಾ ಅಪ್ಪ ಹೇಳಿದ, "ಇನ್ನ ಮ್ಯಾಲೆ ಆಗಾಗ ಬರ್ತೀ ಬಿಡು. ಕಾರ್ ಐತಲ್ಲ."

"ಹೂಂ ಅಪ್ಪಾ" ಅಂದಿದ್ದೆ.

ಮಾರನೇ ವಾರ ಹುಡುಗ ಮತ್ತೆ ಬಂದ, ಗೆಳೆಯನನ್ನೂ ಕರೆದುಕೊಂಡು. ಡಾಲ್ಫಿನ್ ಕಥೆ ಇವನಿಗೂ ಹೇಳಿ ಅಂದ. ಹೇಳಿದೆ. ಇಂಜಿನ್ನು, ಶೋಲಾವರಂ, ಓಝರಿನ ಬಿಸಿಬೇಳೆ ಭಾತ್ ಎಲ್ಲ. 1992ಕ್ಕೆ ಬಂದಾಗ, "ಅವತ್ತು ಕಾರು ಕೆಟ್ಟಿತ್ತು. ರಿಪೇರಿಗೆ ನಾನು ಬರೆದಿರಲಿಲ್ಲ. ಬಸ್ಸಿನಲ್ಲಿ ಹೋದೆವು," ಅಂದೆ. ಹುಡುಗ ನನ್ನ ಮುಖ ನೋಡಿದ, ಹೋದ ಸಲ ಬೇರೆ ಹೇಳಿದ್ದರಲ್ಲ ಅನ್ನುವ ಹಾಗೆ. ಆದರೆ ಕೇಳಲಿಲ್ಲ. ನನ್ನವಳು ಒಳಗಿನಿಂದ ಎಲ್ಲರಿಗೂ ಚಹಾ ತಂದಳು.